ಎಂಟನೆಯ ಡಬ್ಬಿ

"ಹ್ವಾಯ್, ಈ ಸಹಿ ಯಾರ್ದ್?"

ಪರೀಕ್ಷಾಲಯದ ಕೌಂಟರ್ ಮೇಲೆ ಕಾಗದವೊಂದು ಬಂದು ಬಿತ್ತು. ಅದನ್ನು ಒತ್ತಿ ಹಿಡಿದ ಕೈಯ ಉಗುರುಗಳ ಸಂದಿಯಲ್ಲಿ ಅರಿಶಿನದ ಹಳದಿ ಕೂತಿತ್ತು.

ಅಮಿತಾ ತಲೆಯೆತ್ತಿದಳು.

"ನನ್ನದು."

"ನೀವಾ ಅಮಿತಾ?"

"ಹೌದು. ಮೊದಲು ಕುಳಿತುಕೊಳ್ಳಿ."

"ಕೂಕಂಬುಕೆ ಬಂದದ್ದಲ್ಲ ನಾನ್! ನನ್ನಮ್ಮ ಮಾಡಿದ್ ಮಸಾಲಿಯೊಳ್ಗೆ ವಿಷ ಇತ್ತ್ ಅಂದೇಳಿ ಬರ್ದಿದ್ರಿ ಅಲ್ದಾ? ಅಮ್ಮನ್ನ ಒಂದ್ ಸಲ ಆದ್ರೂ ಕಂಡಿದ್ರ್ಯಾ ನೀವ್?"

"ವಿಷ ಅಂತ ನಾನು ಬರೆದಿಲ್ಲ. ಶಿಲೀಂಧ್ರನಾಶಕದ ಶೇಷ ಮಿತಿಗಿಂತ ಮೂರು ಪಟ್ಟು ಹೆಚ್ಚಿದೆ ಅಂತ ಬರೆದಿದ್ದೇನೆ."

"ಎರಡೂ ಒಂದೇ ಆಯ್ತಲೆ ಮಾರಾಯ್ರೆ!"

ಆ ಧ್ವನಿಗೆ ಒಳಗಿನ ಮೇಜಿನಲ್ಲಿದ್ದ ಅನಿಷಾ ಕತ್ತು ಉದ್ದ ಮಾಡಿ ನೋಡಿದಳು. ಅಮಿತಾಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅವಳು ವರದಿಯನ್ನು ತಿರುಗಿಸಿ ಅವನೆದುರು ಇಟ್ಟಳು.

ವಂಡ್ಸೆಯ 'ಕುಸುಮ ಮಸಾಲೆ'. ಕೋಳಿ ಸಾರಿನ ಪುಡಿ. ತಂದುಕೊಟ್ಟವರು, ಸುಧೀರ್.

ಸುಧೀರ್‌ನ ಸಿಟ್ಟಿಗೆ ಕಾರಣವಿತ್ತು. ಅವನ ತಾಯಿ ಕುಸುಮಾವತಿ ಮನೆಯ ಹಿಂದಿನ ಕೊಟ್ಟಿಗೆಯನ್ನೇ ಸರಿಮಾಡಿಸಿ, ಊರಿನ ಹನ್ನೊಂದು ಹೆಂಗಸರನ್ನು ಸೇರಿಸಿಕೊಂಡು ಮಸಾಲೆ ಪುಡಿ ಮಾಡುತ್ತಿದ್ದರು. ಅವರ ತಮ್ಮ ಭೋಜರಾಜ ಮುಂಬೈಯಲ್ಲಿ ಮೂರು ಹೋಟೆಲು ನಡೆಸುವವರು. ಅಕ್ಕನ ಪುಡಿಯನ್ನು ಪೊಟ್ಟಣ ಮಾಡಿ ಹೋಟೆಲಿನಲ್ಲೇ ಮಾರುವ ಆಸೆ ಅವರಿಗೆ. ಅದಕ್ಕೊಂದು ಪರೀಕ್ಷಾ ವರದಿ ಬೇಕು ಎಂದಿದ್ದರು. ಬಂದ ವರದಿ ಹೀಗೆ!

"ಮಾವ ಫೋನ್ ಮಾಡಿರ್. ಅಕ್ಕ ಅಂದೇಳಿ ಗಿರಾಕಿಗೆ ಔಷಧಿ ತಿನ್ಸೂಕೆ ಆತ್ತಿಲ್ಲೆ ಅಂದ್ರ್. ಈ ತಿಂಗ್ಳ್ ಮುಗಿಯುದ್ರೊಳ್ಗೆ ಸರಿಯಾದ್ ರಿಪೋರ್ಟ್ ಕೊಡ್ಕ್, ಇಲ್ದಿರೆ ಬೇರೆ ಕಂಪ್ನಿ ಕಾಂಬುದಂಬ್ರ್. ಹನ್ನೊಂದ್ ಜನ ಹೆಂಗ್ಸ್ರ್ ಕೆಲ್ಸ ಹೋತ್ತ್, ಗೊತ್ತಿತ್ತಾ?"

"ನನಗೆ ಬಂದದ್ದು ಇನ್ನೂರು ಗ್ರಾಂ ಪುಡಿ. ಅದರಲ್ಲಿ ಏನಿತ್ತೋ ಅದನ್ನು ಬರೆದೆ."

"ಯಂತ್ರ ಸುಳ್ಳೇ ಹೇಳುದಿಲ್ಯಾ?"

"ಇಲ್ಲ."

"ಮನ್ಷರ್?"

"ಮನುಷ್ಯರನ್ನು ಪರೀಕ್ಷೆ ಮಾಡುವ ಸೌಲಭ್ಯ ನಮ್ಮಲ್ಲಿಲ್ಲ."

ಅವನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ತುಟಿಯ ಅಂಚಿನಲ್ಲಿ ಬೇಡವೆಂದರೂ ಒಂದು ನಗು ಬಂದು ಹೋಯಿತು.

"ಎಂತ ಮಾಡ್ಕ್ ಹೇಳಿ ಹಂಗಾರೆ."

"ಪುಡಿಗೆ ಹಾಕುವ ಸಾಮಾನನ್ನೆಲ್ಲ ಬೇರೆ ಬೇರೆಯಾಗಿ ತನ್ನಿ. ಯಾವುದರಲ್ಲಿ ಇದೆ ಅಂತ ನೋಡೋಣ. ಆ ಒಂದನ್ನು ಬದಲಿಸಿದರೆ ಸಾಕಾಗಬಹುದು."

ಅಷ್ಟು ಹೇಳುವುದು ಅವಳ ಕೆಲಸವಾಗಿರಲಿಲ್ಲ. ಯಾಕೆ ಹೇಳಿದೆ ಎಂದು ಅವನು ಹೋದಮೇಲೆ ಯೋಚಿಸಿದಳು.

ಅಮಿತಾ ನಾವುಂದದ ಹುಡುಗಿ. ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿದವಳು. ಯತೀಶನನ್ನು ಮದುವೆಯಾಗಿ ಎರಡು ವರ್ಷ ಬ್ರಹ್ಮಾವರದಲ್ಲಿ ಸಂಸಾರ ಮಾಡಿದಳು. ಮೂರು ವರ್ಷದ ಹಿಂದೆ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ತಾಗಿತು.

ಅವಳು ಅತ್ತದ್ದು ಮೊದಲ ವಾರ ಮಾತ್ರ. ಆಮೇಲೆ ಒಳಗೆ ಏನೋ ತಣ್ಣಗಾಗಿ ನಿಂತಿತು. ತಿಂದದ್ದಕ್ಕೆ ರುಚಿಯಿಲ್ಲ, ಕೇಳಿದ್ದಕ್ಕೆ ನಗುವಿಲ್ಲ. ಅತ್ತೆ ರತ್ನ ಮತ್ತು ಅವಳು ಅದೇ ಬಾಡಿಗೆ ಮನೆಯಲ್ಲಿ ಉಳಿದರು, ಒಬ್ಬರಿಗೊಬ್ಬರು.

ಕೆಲಸ ಮಾತ್ರ ಅವಳಿಗೆ ಹಿತವಾಗಿತ್ತು. ಪುಡಿಯನ್ನು ತೂಗಿ ಗಾಜಿನ ಸೀಸೆಗೆ ಹಾಕುವುದು. ಆಮ್ಲ ಸುರಿದು, ಮೇಲೊಂದು ಪದರ ದ್ರಾವಕ ಬಿಟ್ಟು, ಬಿಗಿಯಾಗಿ ಮುಚ್ಚಿ ಬಿಸಿನೀರಿನಲ್ಲಿ ಇಡುವುದು. ಆಗಾಗ ಕುಲುಕುವುದು. ಎರಡು ಗಂಟೆಯ ನಂತರ ಮೇಲಿನ ತಿಳಿಯನ್ನು ಒಂದು ತೊಟ್ಟು ಯಂತ್ರಕ್ಕೆ ಕೊಡುವುದು. ಪರದೆಯ ಮೇಲೆ ಗೆರೆ ಸುಮ್ಮನೆ ಸಾಗುತ್ತದೆ, ಇದ್ದರೆ ಏಳುತ್ತದೆ. ಯಾರೂ 'ಹೇಗಿದ್ದೀಯಮ್ಮಾ' ಎಂದು ಕೇಳುವುದಿಲ್ಲ.

ಮೂರನೇ ದಿನ ಸುಧೀರ್ ಏಳು ಸ್ಟೀಲ್ ಡಬ್ಬಿಗಳೊಂದಿಗೆ ಬಂದ. ಪ್ರತಿ ಡಬ್ಬಿಗೂ ಬಿಳಿ ಬಟ್ಟೆ ಕಟ್ಟಿ, ಕಾಗದದಲ್ಲಿ ಹೆಸರು ಬರೆದಿತ್ತು. ದುಂಡನೆಯ, ಹಳೆಯ ಕಾಲದ ಶಾಲೆಯ ಅಕ್ಷರ. ತಾಯಿಯದೇ ಇರಬೇಕು.

"ಒಣಮೆಣ್ಸ್, ಕೊತ್ತುಂಬ್ರಿ, ಜೀರ್ಗೆ, ಮೆಂತೆ, ಒಳ್ಳೆಮೆಣ್ಸಿನ್ ಕಾಳ್, ಓಮ, ಅರ್ಶಿನ. ಏಳೇ."

"ಇಷ್ಟೇ ತಾನೆ?"

"ಇಷ್ಟೇ. ಪುಡಿ ಪ್ಯಾಕೆಟಿನ್ ಚೀಟಿಲೂ ಅದೇ ಇತ್ತ್ ಕಾಣಿ."

ಅವನಿಗೆ ಹೋಗುವ ಅವಸರವಿರಲಿಲ್ಲ. ಗಾಜಿನ ಗೋಡೆಯಾಚೆ ನಿಂತು ಅವಳು ತೂಗುವುದನ್ನೇ ನೋಡುತ್ತಿದ್ದ. ಮಾತಿಗಾಗಿ ಬಿಟ್ಟಿದ್ದ ಕಿಂಡಿಯಿಂದ ಅವನ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು.

"ಅದೆಂತ ನೀರೊಳ್ಗೆ ಬೇಯ್ಸೂದ್?"

"ಮೆಣಸಿನ ಕಾಯಿ ಕೊಳೆಯಬಾರದು ಅಂತ ರೈತರು ಒಂದು ಬಗೆಯ ಔಷಧಿ ಹೊಡೆಯುತ್ತಾರೆ. ಅದರಲ್ಲಿ ಎಷ್ಟೋ ಹೆಸರಿನವು ಇವೆ. ಆಮ್ಲದಲ್ಲಿ ಬಿಸಿ ಮಾಡಿದರೆ ಎಲ್ಲವೂ ಒಡೆದು ಒಂದೇ ಅನಿಲ ಬಿಡುತ್ತವೆ. ಗಂಧಕದ ಅನಿಲ. ನಾವು ಅದನ್ನು ಅಳೆಯುತ್ತೇವೆ."

"ಅಂದ್ರೆ ನೀವ್ ಔಷಧಿನ ಕಾಂತಿಲ್ಲೆ. ಅದ್ ಬಿಟ್ಟ್ ಗ್ಯಾಸ್ ಮಾತ್ರ ಕಾಂಬುದ್."

"...ಹೌದು."

"ನಮ್ಮೂರ ಬಸ್ ಕಂಡಕ್ಟರನಂಗೆ ಆಯ್ತಲೆ ಇದ್! ಹಿಂದೆ ಯಾರೋ ಸೀಟಿ ಹೊಡ್ದ್ರೆ ಅಂವ ಬಾಗ್ಲಂಗೆ ನಿಂತವ್ನನ್ನೇ ಬೈಯುದ್."

ಅಮಿತಾ ನಕ್ಕುಬಿಟ್ಟಳು!

ಸದ್ದಾಗಿಯೇ ನಕ್ಕಳು. ಅನಿಷಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಎರಡು ವರ್ಷ ಜೊತೆಗೆ ಕೆಲಸ ಮಾಡಿದರೂ ಅವಳು ಆ ನಗು ಕೇಳಿರಲಿಲ್ಲ. ಸುಧೀರ್ ಮಾತ್ರ, ತಾನು ಹೇಳಿದ್ದು ಅಷ್ಟು ದೊಡ್ಡ ತಮಾಷೆಯಾ ಎಂದು ಗೊಂದಲದಲ್ಲಿ ನಿಂತಿದ್ದ.

ಅಂದು ಸಂಜೆ ಅತ್ತೆ ಬಡಿಸಿದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅದು ತನಗೆ ಗೊತ್ತಾಯಿತಲ್ಲ ಎಂದು ಅಮಿತಾ ಬೆರಗಾದಳು.

ಮರುದಿನ ಫಲಿತಾಂಶ ಬಂತು.

ಏಳು ಡಬ್ಬಿ. ಏಳು ಸೊನ್ನೆ.

ಅವಳು ಮತ್ತೊಮ್ಮೆ ಮಾಡಿದಳು. ಮತ್ತೆ ಸೊನ್ನೆ. ಪರದೆಯ ಮೇಲೆ ಗೆರೆ ಒಂದು ಕೂದಲೆಳೆಯಷ್ಟೂ ಏಳಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥ ಯೋಗೀಶ್ ಕನ್ನಡಕ ಸರಿಮಾಡಿಕೊಂಡರು. "ಏಳೂ ಶುದ್ಧ. ಪುಡಿಯಲ್ಲಿ ಮಾತ್ರ ಮೂರು ಪಟ್ಟು. ಇದಕ್ಕೆ ಅರ್ಥ ಒಂದೇ ಅಲ್ವಾ ಅಮಿತಾ? ಪುಡಿ ಮಾಡಿದ ಸಾಮಾನು ಬೇರೆ, ಇಲ್ಲಿಗೆ ತಂದ ಸಾಮಾನು ಬೇರೆ. ಎಷ್ಟು ಜನ ಹೀಗೆ ಮಾಡ್ತಾರೆ."

ಅವಳು ಡಬ್ಬಿಗಳ ಕಡೆಗೆ ತಿರುಗಿದಳು.

'ಅಂಗಡಿಯಿಂದ ಒಳ್ಳೆಯ ಮೆಣಸು ಆರಿಸಿ ತಂದನೇ? ಆ ಮಾತು, ಆ ತಮಾಷೆ... ಎಲ್ಲ ಇದಕ್ಕಾಗಿಯೇ?'

ಮೂರು ವರ್ಷದಲ್ಲಿ ಮೊದಲ ಬಾರಿ ನಕ್ಕಿದ್ದಳು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಸುಧೀರ್ ಬಂದಾಗ ಅವಳು ಕುಳಿತುಕೊಳ್ಳಿ ಎನ್ನಲಿಲ್ಲ.

"ಏಳರಲ್ಲೂ ಏನೂ ಇಲ್ಲ."

"ಹೌದಾ! ನಾ ಹೇಳ್ಲಿಲ್ಯಾ ನಿಮ್ಗೆ?"

"ನೀವು ತಂದದ್ದು ಪುಡಿಗೆ ಹಾಕಿದ ಸಾಮಾನಲ್ಲ."

ಅವನ ಮುಖದ ನಗು ಇದ್ದಲ್ಲೇ ನಿಂತಿತು.

"ಎಂತ ಹೇಳಿರ್ ನೀವ್?"

"ಪರೀಕ್ಷೆಗೆ ಅಂತ ಬೇರೆ ತಂದಿದ್ದೀರಿ. ವರದಿ ಬದಲಾಗುವುದಿಲ್ಲ."

ಅವನು ಡಬ್ಬಿಯೊಂದರ ಬಟ್ಟೆಯ ಮೇಲೆ ಕೈಯಿಟ್ಟ. ಮಾತಾಡಿದಾಗ ಧ್ವನಿ ಏರಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು.

"ಆ ಡಬ್ಬಿ ಬಟ್ಟಿ ನನ್ನಮ್ಮ ಕಟ್ಟಿದ್. ಕಟ್ಟುವತಿಗೆ 'ಆ ಹೆಣ್ಣ್ ಸರಿ ಮಾಡಿ ಕಾಣತ್ತ್, ನೀ ಹೆದ್ರಬೇಡ' ಅಂದಿದ್ಲ್. ಮನಿಗ್ ಹೋಯಿ ಅವ್ಳಿಗೆ ನಾ ಎಂತ ಹೇಳ್ಲಿ? ಹೇಳಿ ನೀವೇ."

ಅವನು ಡಬ್ಬಿಗಳನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಏಳು ಡಬ್ಬಿಗಳು ಎರಡು ದಿನ ಅವಳ ಮೇಜಿನ ಮೇಲೇ ಇದ್ದವು. ದುಂಡನೆಯ ಅಕ್ಷರಗಳು ಅವಳನ್ನೇ ನೋಡುತ್ತಿದ್ದವು.

'ಅವನು ಸುಳ್ಳ ಅಂತ ನಾನು ಹೇಳಿದೆ. ಯಾವ ಪರೀಕ್ಷೆ ಮಾಡಿ ಹೇಳಿದೆ?'

ಆ ಪ್ರಶ್ನೆ ಎದ್ದಮೇಲೆ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಹಳೆಯ ವರದಿಯನ್ನು ಪೂರ್ತಿ ತೆಗೆದಳು. ಮಸಾಲೆ ಪುಡಿಯನ್ನು ಬರೀ ಆ ಅನಿಲಕ್ಕಾಗಿ ನೋಡಿರಲಿಲ್ಲ, ನೂರಾರು ಬೇರೆ ಕೀಟನಾಶಕಗಳಿಗೂ ನೋಡಿದ್ದಳು. ಅವುಗಳಲ್ಲಿ ಎರಡು, ಮಿತಿಗಿಂತ ತುಂಬ ಕೆಳಗೆ, ಲೆಕ್ಕಕ್ಕೇ ಇಲ್ಲದಷ್ಟು ಸಣ್ಣ ಗುರುತು ಬಿಟ್ಟಿದ್ದವು. ಮೆಣಸಿನ ಗದ್ದೆಯಲ್ಲಿ ಯಾವಾಗಲೋ ಹೊಡೆದದ್ದು. ತಪ್ಪೇನಲ್ಲ. ಆದರೆ ಒಂದೊಂದು ಗದ್ದೆಯ ಮೆಣಸಿನಲ್ಲಿ ಒಂದೊಂದು ಗುರುತು.

ಡಬ್ಬಿಯ ಮೆಣಸಿನಲ್ಲೂ ಅದೇ ಗುರುತು ಇದ್ದರೆ?

ಮೆಣಸನ್ನು ಅರೆದು, ದ್ರಾವಕದಲ್ಲಿ ಕುಲುಕಿ, ತಿಳಿ ತೆಗೆದು ಯಂತ್ರಕ್ಕೆ ಕೊಟ್ಟಳು.

ಮಧ್ಯಾಹ್ನ ಪರದೆಯ ಮೇಲೆ ಎರಡು ಪುಟ್ಟ ಏರು ಕಾಣಿಸಿತು. ಅದೇ ಎರಡು. ಒಂದು ದೊಡ್ಡದು, ಒಂದು ಅದರ ಅರ್ಧದಷ್ಟು. ಪುಡಿಯಲ್ಲಿದ್ದ ಅದೇ ಪ್ರಮಾಣ!

ಅದೇ ಗದ್ದೆಯ ಮೆಣಸು. ಅವನು ಸುಳ್ಳು ಹೇಳಿರಲಿಲ್ಲ.

ಅಮಿತಾ ಕುರ್ಚಿಯಲ್ಲಿ ಕುಳಿತೇ ಇದ್ದಳು. ತಪ್ಪು ತನ್ನದೆಂದು ತಿಳಿದಾಗ ಮನುಷ್ಯರಿಗೆ ಇಷ್ಟು ಹಗುರಾಗುವುದುಂಟೇ? ಅವಳಿಗೆ ಹಾಗೆ ಆಗಿತ್ತು.

'ಏಳರಲ್ಲಿ ಇಲ್ಲ, ಪುಡಿಯಲ್ಲಿ ಇದೆ. ಹಾಗಾದರೆ ಎಂಟನೆಯದು ಒಂದು ಇದೆ. ಅವನಿಗೂ ಗೊತ್ತಿಲ್ಲದ್ದು.'

"ಆಯ್ತಾರ ರಜಿ ದಿನ ಎಲ್ಲಿಗ್ ಹೊರ್ಟದ್ ಹೆಣ್ಣೆ?" ಅತ್ತೆ ರತ್ನ ಬಾಗಿಲಲ್ಲಿ ನಿಂತು ಕೇಳಿದರು.

"ವಂಡ್ಸೆಗೆ ಅತ್ತೆ. ಸ್ಯಾಂಪಲ್ ತರ್ಕ್."

"ಸ್ಯಾಂಪಲ್ ತರೂಕೆ ಮೂರ್ ಸೀರಿ ಉಟ್ಟ್ ಬಿಚ್ಚುದ್ ಎಂತಕ್ಕೆ?"

"ಅತ್ತೆ..."

"ನಾ ಎಂತ ಹೇಳ್ದೆ ಈಗ? ನೀಲಿ ಸೀರಿ ಚಂದ ಕಾಣತ್ತ್. ಅದನ್ನೇ ಉಟ್ಟ್‌ಕೋ."

ಕುಂದಾಪುರದಲ್ಲಿ ಬಸ್ಸು ಬದಲಿಸಿ, ಕೊಲ್ಲೂರಿನ ಬಸ್ಸಿನಲ್ಲಿ ವಂಡ್ಸೆಗೆ ಇಳಿದಾಗ ಹತ್ತು ಗಂಟೆ. ದಾರಿ ಕೇಳುವ ಅಗತ್ಯ ಬೀಳಲಿಲ್ಲ. ಹುರಿದ ಕೊತ್ತಂಬರಿಯ ಪರಿಮಳವೇ ಮನೆ ತೋರಿಸಿತು. ಮೊದಲ ಸೀನು ಗೇಟಿನಲ್ಲಿ, ಎರಡನೆಯದು ಅಂಗಳದಲ್ಲಿ.

"ಯಾರ್ ಬಂದದ್ದ್, ಸೀಂತಾ ಸೀಂತಾ?" ಜರಡಿ ಹಿಡಿದ ಹೆಂಗಸೊಬ್ಬಳು ನಗುತ್ತ ಕೇಳಿದಳು.

ಮೆಣಸಿನ ಮೂಟೆ ಹೊತ್ತು ಬಂದ ಸುಧೀರ್ ಅವಳನ್ನು ನೋಡಿ ನಿಂತುಬಿಟ್ಟ. ಮೂಟೆ ಇಳಿಸಿದ. ಮುಖ ಬಿಗಿಯಾಗಿತ್ತು.

"ಇನ್ನೆಂತ ಬಾಕಿ ಉಳೀತ್?"

ಅಮಿತಾ ದಾರಿಯುದ್ದಕ್ಕೂ ಒಂದಷ್ಟು ವಾಕ್ಯ ಜೋಡಿಸಿಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಕೌಂಟರಿನ ಅಚ್ಚುಕಟ್ಟು ಕನ್ನಡವೂ ಬರಲಿಲ್ಲ. ನಾವುಂದದ ಮಾತೇ ಬಂತು.

"ನಂದ್ ತಪ್ಪಾಯ್ತ್. ನೀವ್ ತಂದದ್ದ್ ಅದೇ ಮೆಣ್ಸ್. ನಾ ಪರೀಕ್ಷೆ ಮಾಡಿ ಕಂಡೆ. ಮಾಡದೇ ನಿಮ್ಮನ್ನ ಸುಳ್ಳ ಅಂದೆ. ಹಂಗ್ ಹೇಳೂಕ್ ಆಗ್ದಿತ್."

ಜರಡಿಗಳ ಸದ್ದು ನಿಂತಿತು. ಹನ್ನೊಂದು ಜೋಡಿ ಕಣ್ಣು ಇವರಿಬ್ಬರ ಮೇಲೆ.

ಸುಧೀರ್ ತಲೆ ತುರಿಸಿಕೊಂಡ. "ಅದನ್ನ ಫೋನಂಗೂ ಹೇಳ್ಲಕ್ಕಿತ್ತಲೆ..."

"ಬೈದದ್ದ್ ಎದ್ರಿಗೆ. ತಪ್ಪಾಯ್ತ್ ಅಂಬುದನ್ನ ಫೋನಂಗೆ ಹೇಳುದಾ?"

ಜರಡಿಯ ಹೆಂಗಸು, "ಹೌದ್ ಹೌದ್!" ಎಂದು ತೀರ್ಪು ಕೊಟ್ಟಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಅಷ್ಟರಲ್ಲಿ ಕುಸುಮಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಸಣ್ಣ ಆಳು, ಚುರುಕು ಕಣ್ಣು.

"ನೀನಾ ಮಗಾ ಅಮಿತಾ? ಬಿಸ್ಲಂಗೆ ಬಂದಿದ್ದಿ. ಒಳ್ಗ್ ಬಾ, ಆಸ್ರಿ ಕುಡಿ."

"ಅಮ್ಮ, ಒಂದ್ ಕೇಂತೆ. ಏಳ್ ಡಬ್ಬಿಲೂ ಎಂತ ಇಲ್ಲೆ. ಪುಡಿಯೊಳ್ಗೆ ಮಾತ್ರ ಇತ್ತ್. ಎಂಟ್ನೇದ್ ಎಂತದೋ ಹಾಕ್ತ್ರಿ ನೀವ್... ಅಲ್ದಾ?"

ಕುಸುಮಾವತಿಯ ಮುಖದ ಬಣ್ಣ ಇಳಿಯಿತು.

"ಎಂಟ್ನೇದಾ? ಅಂತದ್ ಎಂತೂ ಇಲ್ಲೆ ಮಾರಾಯ್ರೆ" ಎಂದ ಸುಧೀರ್. ತಾಯಿಯ ಮುಖ ನೋಡಿದ. "ಅಮ್ಮಾ?"

"ನೀ ಹೊರ್ಗೆ ಇರ್" ಎಂದರು ತಾಯಿ. ಅಮಿತಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

ದೇವರ ಕೋಣೆಯ ಪಕ್ಕದ ಸಣ್ಣ ಕೋಣೆ. ಅಟ್ಟದ ಮೇಲಿಂದ ಅವರು ಒಂದು ಡಬ್ಬಿ ಇಳಿಸಿದರು. ತೆಗೆಯದೆ ಮಡಿಲಲ್ಲಿ ಇಟ್ಟುಕೊಂಡು ಕುಳಿತರು.

"ನಮ್ಮತ್ತೆ ಸಾಯುಕ್ ಮುಂಚೆ ನಂಗೆ ಹೇಳಿದ್ ಇದ್. ಅವ್ರಿಗೆ ಅವ್ರತ್ತೆ ಹೇಳಿದ್. ಈ ಮನಿ ಸೊಸಿಗ್ ಬಿಟ್ರೆ ಯಾರಿಗೂ ಹೇಳೂಕಾಗ, ಗಂಡ್ ಮಕ್ಳಿಗಂತೂ ಹೇಳೂಕೇ ಆಗ. ಅವ್ರ್ ಪ್ಯಾಟಿಲ್ ಹೋಯಿ ಬಾಯ್ ಬಿಡ್ತ್ರ್ ಅಂದೇಳಿ. ಹೆಂಗ್ಸ್ರೆಲ್ಲ ಮನಿಗ್ ಹೋದ್ಮೇಲೆ ನಾನೊಬ್ಳೇ ಕೂಡ್ಸೂದ್."

"ಅದ್ರೊಳ್ಗೆ ಎಂತ ಇತ್ತ್ ಅಮ್ಮ?"

ಕುಸುಮಾವತಿ ಅವಳನ್ನೇ ನೋಡಿದರು. ಹೊರಗೆ ಜರಡಿಗಳ ಸದ್ದು ಮತ್ತೆ ಶುರುವಾಗಿತ್ತು. ಹನ್ನೊಂದು ಜರಡಿಗಳು.

ಅವರು ಮುಚ್ಚಳ ತೆಗೆದರು.

ಕಂದು ಬಣ್ಣದ ಒಣ ಚೂರುಗಳು. ಅಮಿತಾ ಒಂದನ್ನು ಎತ್ತಿ ಬೆರಳಲ್ಲಿ ಒಡೆದಳು. ಮೂಗಿಗೆ ಹಿಡಿದಳು.

"ಬೆಳ್ಳುಳ್ಳಿ!"

"ನೆರ್ಳಂಗೆ ಒಣ್ಗ್ಸಿ, ಬಿಸಿ ಮರ್ಳಂಗೆ ಹುರ್ದದ್ದ್. ಬೇರೆಯವ್ರ್ ಸಾರ್ ಮಾಡುವತಿಗೆ ಹಸಿದ್ ಹಾಕ್ತ್ರ್. ಪುಡಿಗ್ ಹಾಕ್ರೆ ಮುಗ್ಗಿ ಹೋತ್ತ್. ಹಿಂಗ್ ಮಾಡಿರೆ ವರ್ಷ ಆದ್ರೂ ಹಾಳಾತ್ತಿಲ್ಲೆ. ಎಂತ ಮಗಾ... ಇದ್ರೊಳ್ಗಾ ಆ ವಿಷ ಇಪ್ಪುದ್?"

ಅಮಿತಾಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಓದುವಾಗ ಪರೀಕ್ಷೆಗೆ ಬರೆದ ಉತ್ತರ ಅದು! ಬೆಳ್ಳುಳ್ಳಿ, ಈರುಳ್ಳಿ, ಎಲೆಕೋಸು: ಇವುಗಳಲ್ಲಿ ಹುಟ್ಟಿನಿಂದಲೇ ಗಂಧಕವಿದೆ. ಆಮ್ಲದಲ್ಲಿ ಬಿಸಿ ಮಾಡಿದರೆ ಔಷಧಿ ಹೊಡೆಯದಿದ್ದರೂ ಅದೇ ಅನಿಲ ಬಿಡುತ್ತವೆ. ಯಂತ್ರ ಅನಿಲವನ್ನು ಅಳೆಯಿತು. ಎಲ್ಲಿಂದ ಬಂತೆಂದು ಕೇಳಬೇಕಾದವಳು ತಾನು, ಚೀಟಿ ನೋಡಿ ಸುಮ್ಮನಾಗಿದ್ದಳು.

"ವಿಷ ಅಲ್ಲ ಅಮ್ಮ. ಬೆಳ್ಳುಳ್ಳಿ ಗುಣವೇ ಅದ್. ಆದ್ರೂ ದೊಡ್ಡ ಲ್ಯಾಬಿಗ್ ಕಳ್ಸಿ ಖಾತ್ರಿ ಮಾಡ್ಕ್. ಅಲ್ಲಿ ಔಷಧಿನ ಒಡೆಯದೇ, ಅದನ್ನೇ ಹುಡ್ಕಿ ಕಾಂತ್ರ್. ಇನ್ನೊಂದ್... ಚೀಟಿ ಮೇಲೆ ಬೆಳ್ಳುಳ್ಳಿ ಅಂದೇಳಿ ಬರೀಕ್."

"ಬರ್ದ್ರೆ ಊರಿಗೆಲ್ಲ ಗೊತ್ತಾತ್ತಲೆ!"

"ಹೆಸ್ರ್ ಮಾತ್ರ ಗೊತ್ತಾತ್ತ್. ಎಷ್ಟ್ ಹಾಕುದ್, ಹ್ಯಾಂಗ್ ಹುರಿಯುದ್ ಯಾರೂ ಕೇಂತಿಲ್ಲೆ. ಬೆಳ್ಳುಳ್ಳಿ ತಿನ್ನದವ್ರೂ ಇರ್ತ್ರಲೆ ಅಮ್ಮ. ಚೀಟಿ ನಂಬಿ ತಕಂಡ್ ಹೋದವ್ರ್..."

ಕುಸುಮಾವತಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ದೇವ್ರೆ. ಅದ್ ನಂಗ್ ಹೊಳೀಲೇ ಇಲ್ಲೆ. ಬರೀತೆ ಮಗಾ. ಇವತ್ತೇ ಬರ್ಸ್ತೆ."

ಮುಚ್ಚಳ ಹಾಕುತ್ತ ಅವರೇ ನಕ್ಕರು. "ಅತ್ತೆಗೆ ಮಾತ್ ಕೊಟ್ಟಿದ್ದೆ, ಸೊಸಿಗ್ ಮಾತ್ರ ಹೇಳ್ತೆ ಅಂದೇಳಿ. ಕಡಿಗೂ ಲ್ಯಾಬಿನ್ ಹೆಣ್ಣಿಗ್ ಹೇಳ್ದೆ ಕಾಣ್."

ಅಮಿತಾ ನೆಲ ನೋಡಿದಳು. "ನಂಗೆ ಮದಿ ಆಯಿತ್ ಅಮ್ಮ. ಬೈಕಿಗೆ ಲಾರಿ ತಾಗಿ ಅವ್ರ್ ತೀರ್‌ಕಂಡ್ ಮೂರ್ ವರ್ಷ ಆಯ್ತ್."

ಕುಸುಮಾವತಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತರು. ಮೆಣಸಿನ ಖಾರದಿಂದ ಬಿಸಿಯಾದ ಅಂಗೈಗಳು.

"ಊಟ ಮಾಡ್ಕಂಡ್ ಹೋಯ್ಕ್ ಇವತ್ತ್" ಎಂದರು ಕೊನೆಗೆ.

ಅಂದು ಅವಳ ಕಣ್ಣೆದುರೇ ಪುಡಿ ಮಾಡಿದರು. ಬೆಳ್ಳುಳ್ಳಿ ಹಾಕಿದ್ದು ಒಂದು, ಹಾಕದ್ದು ಒಂದು. ಎರಡಕ್ಕೂ ಅವಳೇ ಮೊಹರು ಹಾಕಿದಳು. ಸಂಜೆ ಸುಧೀರ್ ಬೈಕಿನಲ್ಲಿ ಹೆಮ್ಮಾಡಿಯವರೆಗೆ ಬಿಟ್ಟುಬಂದ. ಬೈಕು ಹತ್ತುವ ಮೊದಲು ಅವಳು ಒಂದು ಕ್ಷಣ ತಡೆದಳು. ಅವನು ಯಾಕೆಂದು ಕೇಳಲಿಲ್ಲ. ದಾರಿಯುದ್ದಕ್ಕೂ ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವಷ್ಟು ನಿಧಾನ ಓಡಿಸಿದ.

ತಾಯಿ ಅವನಿಗೆ ಎಲ್ಲ, ಆ ಅಪಘಾತವನ್ನೂ, ಹೇಳಿದ್ದರೆಂದು ಅವಳಿಗೆ ಆಮೇಲೆ ತಿಳಿಯಿತು.

ಬೆಳ್ಳುಳ್ಳಿ ಹಾಕದ ಪುಡಿ, ಸೊನ್ನೆ. ಹಾಕಿದ ಪುಡಿ, ಮತ್ತೆ ಮೂರು ಪಟ್ಟು. ಅಷ್ಟು ಗೊತ್ತಾಯಿತು. ಆದರೆ ಆ ಬೆಳ್ಳುಳ್ಳಿಗೆ ನಿಜವಾಗಿಯೂ ಔಷಧಿ ಹೊಡೆದಿದ್ದರೆ? ಅದನ್ನು ಬೆಂಗಳೂರಿನ ಪ್ರಯೋಗಾಲಯವೇ ಹೇಳಬೇಕಿತ್ತು. ಎಂಟು ದಿನ.

ಎಂಟು ದಿನವೂ ಅವನ ಫೋನು.

"ಬಂತಾ?"

"ಇಲ್ಲೆ."

"ಊಟ ಆಯ್ತಾ?"

"ಆಯ್ತ್. ನಿಮ್ದ್?"

ಮೊದಲ ದಿನ ಇಷ್ಟೇ. ಐದನೆಯ ದಿನ ಅವನು ಮುಂಬೈಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತ ಕಥೆ ಹೇಳಿದ. ಆರನೆಯ ದಿನ ಅವಳು ಯತೀಶನ ಬಗ್ಗೆ ಹೇಳಿದಳು. ಅವನು ಮಧ್ಯೆ ಮಾತಾಡಲಿಲ್ಲ. "ಕೇಂತಿದ್ದೆ, ಹೇಳಿ" ಎಂದು ಮಾತ್ರ ಎರಡು ಸಲ ಅಂದ.

ಒಂಬತ್ತನೆಯ ದಿನ ಬೆಳಿಗ್ಗೆ ವರದಿ ಬಂತು. ಶಿಲೀಂಧ್ರನಾಶಕ ಪತ್ತೆಯಾಗಿಲ್ಲ.

ಯೋಗೀಶ್ ಅವಳನ್ನು ಕೋಣೆಗೆ ಕರೆದರು. "ನಮ್ಮ ಮೊದಲ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ತಪ್ಪಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರುತ್ತೆ. ಚೀಟಿ ತಪ್ಪಿತ್ತು ಅಂತ ಬರೆದರೂ ಸಾಕು."

"ಚೀಟಿ ತಪ್ಪಿತ್ತು ಸರ್. ಅದರ ಮೇಲೆ ನಾನೂ ತಪ್ಪಿದೆ. ಕೋಳಿ ಸಾರಿನ ಪುಡಿ ಅಂದಮೇಲೆ ಬೆಳ್ಳುಳ್ಳಿ ಇದೆಯಾ ಅಂತ ಒಂದು ಮಾತು ಕೇಳಬೇಕಿತ್ತು. ಎರಡನ್ನೂ ಬರೆಯುತ್ತೇನೆ."

ಅವಳು ಬರೆದಳು. ಸಹಿ ಹಾಕಿದಳು.

ಅಂದು ಸಂಜೆ ಸುಧೀರ್‌ನ ಫೋನಿನಲ್ಲಿ ಹನ್ನೊಂದು ಹೆಂಗಸರ ಕೂಗು ಕೇಳಿಸಿತು. ಭೋಜರಾಜ ಮಾವ ಒಪ್ಪಿದ್ದರು. ಬೆಳ್ಳುಳ್ಳಿಯ ಹೆಸರಿರುವ ಹೊಸ ಚೀಟಿಯ ಪೊಟ್ಟಣಗಳು ತಿಂಗಳು ಮುಗಿಯುವ ಮೊದಲೇ ಮುಂಬೈ ಬಸ್ಸು ಹತ್ತಿದವು.

ಮುಂದಿನ ತಿಂಗಳು ಹೊಸ ಪುಡಿಯ ಪರೀಕ್ಷೆಗೆಂದು ಸುಧೀರ್ ಬಂದಾಗ ಅಮಿತಾ ಕೌಂಟರಿನಲ್ಲಿ ಇರಲಿಲ್ಲ. ಅನಿಷಾ ಪೊಟ್ಟಣ ತೆಗೆದುಕೊಂಡಳು. ನಾಲ್ಕು ದಿನದ ಬಳಿಕ ಬಂದ ವರದಿಯಲ್ಲಿ ಎಲ್ಲ ಸರಿಯಿತ್ತು. ಕೆಳಗೆ ಮಾತ್ರ ಅನಿಷಾಳ ಹೆಸರು.

ಅವನಿಗೆ ಆ ಒಳ್ಳೆಯ ವರದಿ ಕೈಯಲ್ಲಿ ಭಾರವಾಯಿತು.

ಶನಿವಾರ ಸಂಜೆ ಅಮಿತಾ ಕೆಲಸ ಮುಗಿಸಿ ಹೊರಗೆ ಬಂದಾಗ ಅವನು ಎದುರಿನ ಹೋಟೆಲಿನ ಬೆಂಚಿನಲ್ಲಿ ಕುಳಿತಿದ್ದ. ಎದ್ದು ನಿಂತ.

"ಬೇಜಾರಾ ನನ್ನ್ ಮೇಲೆ?"

"ಎಂತಕ್ಕೆ?"

"ನಮ್ಮ ಸ್ಯಾಂಪಲ್ ನೀವ್ ಮಾಡ್ಲಿಲ್ಲೆ. ಆ ರಿಜಿಸ್ಟರಿನ್ ವಿಷ್ಯ ಅನಿಷಾ ಹೇಳಿರ್. ನಮ್ಮಿಂದ ನಿಮ್ ಹೆಸ್ರ್ ಹಾಳಾಯ್ತ್. ನಮ್ಮ ಸಾವಾಸವೇ ಬ್ಯಾಡ ಅಂದೇಳಿ..."

"ಬೇಜಾರಲ್ಲ."

"ಮತ್ತೆಂತ?"

ಅಮಿತಾ ಬೆಂಚಿನ ತುದಿಯಲ್ಲಿ ಕುಳಿತಳು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು.

"ನಮ್ಮಲ್ಲಿ ಒಂದ್ ನಿಯಮ ಇತ್ತ್. ಪರೀಕ್ಷೆ ಮಾಡುವವ್ರಿಗೆ ಸ್ಯಾಂಪಲ್ ತಂದವ್ರ್ ಬೇಕಾದವ್ರ್ ಆದ್ರೆ, ಮುಂಚೆಯೇ ಬರ್ದ್ ಕೊಡ್ಕ್. ನಾ ಯೋಗೀಶ್ ಸರಿಗೆ ಬರ್ದ್ ಕೊಟ್ಟೆ."

ಹೆದ್ದಾರಿ ಬದಿಯಲ್ಲಿ ಬಸ್ಸೊಂದು ನಿಂತು, ಜನ ಇಳಿಸಿ, ಹೋಯಿತು.

"ಎಂತ... ಎಂತ ಬರ್ದ್ರಿ?"

ಅವಳು ಅವನ ಮುಖ ನೋಡಲಿಲ್ಲ. ಬರೆದದ್ದನ್ನು ಬರೆದಂತೆಯೇ ಹೇಳಿದಳು.

"'ವಂಡ್ಸೆಯ ಕುಸುಮ ಮಸಾಲೆಯ ಮಾದರಿಗಳನ್ನು ಇನ್ನು ಮುಂದೆ ನನಗೆ ಕೊಡಬಾರದಾಗಿ ವಿನಂತಿ. ಅದನ್ನು ತರುವವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿ ಉಳಿದಿಲ್ಲ.'"

ಸುಧೀರ್ ಕುಳಿತೇಬಿಟ್ಟ. ಬೆಂಚು ಒಂದು ಸಲ ಅಲ್ಲಾಡಿತು.

"ಸರ್ ಎಂತ ಹೇಳಿರ್?"

"ಎರಡ್ ಸಲ ಓದಿರ್. ಕನ್ನಡ್ಕ ತೆಗ್ದ್ ಒರ್ಸ್‌ಕಂಡ್ರ್. ಫೈಲಿಗ್ ಹಾಕಿರ್."

"ಹಂಗಾರೆ ನಂಗೇ ಕಡಿಗ್ ಗೊತ್ತಾದ್ದ್!"

"ನಿಮ್ಗ್ ಮುಂಚೆಯೇ ಗೊತ್ತಿತ್ತ್."

"ಗೊತ್ತಿತ್ತ್..." ಅವನು ನಕ್ಕ. ಕಣ್ಣು ತುಂಬಿತ್ತು. "ಲಿಖಿತ ಇರ್ಲಿಲ್ಲೆ."

ಹೋಟೆಲಿನವನು ಕೇಳದೆಯೇ ಎರಡು ಚಾ ತಂದಿಟ್ಟು ಹೋದ.

"ಸುಧೀರ್, ಒಂದ್ ಹೇಳ್ತೆ. ಯತೀಶ ನನ್ನೊಳ್ಗೆ ಈಗ್ಳೂ ಇದ್ರ್. ಮುಂದೆಯೂ ಇರ್ತ್ರ್. ಅದ್ ಹೋಪುದಲ್ಲ."

"ಇರ್ಲಿ. ಅವ್ರನ್ನ ಏಳಿ ಅಂದ್ ಯಾರ್ ಹೇಳಿರ್? ನಾ ಬದಿಯಂಗೆ ಒಂಚೂರ್ ಜಾಗ ಮಾಡ್ಕಂಡ್ ಕೂಕಂತೆ."

ಅವಳ ಎದೆಯಲ್ಲಿ ಮೂರು ವರ್ಷದಿಂದ ಆರಿ ನಿಂತಿದ್ದದ್ದು ಮೆಲ್ಲನೆ ಅಲುಗಿತು. ನೋವಾಯಿತು. ಆ ನೋವು ಹಿತವಾಗಿತ್ತು. ಅವಳು ಅವನ ಕಡೆಗೆ ಬೆಂಚಿನ ಮೇಲೆ ಒಂದು ಗೇಣು ಸರಿದು ಕುಳಿತಳು.

"ನಾಳೆ ಮನಿಗ್ ಬನ್ನಿ" ಎಂದಳು. "ನಮ್ಮತ್ತೆ ಹತ್ರ ನೀವೇ ಕೇಂಬುದ್. ನಂಗ್ ಹೇಳೂಕೆ ನಾಚ್ಕಿ."

ಅವನು ಚಾ ಲೋಟ ಕೆಳಗಿಟ್ಟ. "ನಾಳೆಯಾ? ಅವ್ರ್... ಒಪ್ತ್ರಾ?"

"ಗೊತ್ತಿಲ್ಲೆ. ಮೂರ್ ದಿನದಿಂದ ಮನಿ ಗುಡ್ಸಿ ಒರ್ಸ್ತಾ ಇದ್ರ್. ಯಾರ್ ಬತ್ರ್ ಅತ್ತೆ ಅಂದ್ರೆ, 'ಅದನ್ನ ನೀ ಹೇಳ್ಕ್ ಹೆಣ್ಣೆ' ಅಂತ್ರ್."